ಮಾತಿಗೂ ಒಂದು ನೆಪ ಬೇಕಲ್ವಾ: ಓದುಗರು ಕೇಳಿದ್ದು, ನಾನು ಹೇಳಿದ್ದು

ಹೋದ ಸಂಚಿಕೆಲಿ "ಸಿಟಿ ಜೀವನದ ಬಗ್ಗೆ ಏನ್ ಬೇಕಾದ್ರೂ ಕೇಳಿ" ಅಂತ ಕೊನೇಲಿ ಒಂದು ಸಾಲು ಹಾಕಿದ್ದೆ ಅಷ್ಟೇ, ಬೆಂಗಳೂರಿಂದ್ಲೇ ಒಂದು ಚೀಲ ಬಂದಿದೆ. ಟ್ರಾಫಿಕ್ ಬಗ್ಗೆ ಬಂದಿದ್ದನ್ನೆಲ್ಲ ಪಕ್ಕಕ್ಕೆ ಇಟ್ಟೆ, ಅದಕ್ಕೆ ಉತ್ತರ ನನ್ ಹತ್ರ ಇದ್ದಿದ್ರೆ ನಾನ್ಯಾಕೆ ಈ ಕಾಲಂ ಬರ್ಕೊಂಡು ಕೂತಿರ್ತಿದ್ದೆ. ಉಳಿದಿದ್ರಲ್ಲಿ ಏಳು ಆರಿಸ್ಕೊಂಡಿದೀನಿ. ಹೆಸರು ಯಾರದ್ದೂ ಹಾಕಿಲ್ಲ. ಕೆಲವರು ಬೇಡ ಅಂದ್ರು, ಉಳಿದೋರ್ನ ಕೇಳಕ್ಕೆ ಪುರುಸೊತ್ತಾಗ್ಲಿಲ್ಲ.

ಪ್ರಶ್ನೆ: ಅಕ್ಕಾರ, ನಂದು ಹಾವೇರಿ ಕಡೆ ಹಳ್ಳಿ. ಬೆಳ್ಳಂದೂರು ಹತ್ರ ಪಿಜಿಯೊಳಗ ಇದ್ದು ಮೂರು ವರ್ಷ ಆತು. ಬಾಜೂ ಕೋಣ್ಯಾಗಿನ ಹುಡುಗನ ಹೆಸರು ನನಗ ಗೊತ್ತಿಲ್ಲ, ಅಂವಗ ನಂದು ಗೊತ್ತಿಲ್ಲ. ಊರಾಗ ಬಸ್ ಇಳದು ಮನಿ ಮುಟ್ಟೂದ್ರಾಗ ಹತ್ತು ಮಂದಿ ಮಾತಾಡಸ್ತಾರ. ಇಲ್ಲಿ ಮಂದೀನ ಹಿಂಗೋ, ಇಲ್ಲಾ ನನ್ನೊಳಗ ಏನರ ಐಬು ಐತೋ? (ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸದ ಹುಡುಗ, 26)

ಉತ್ತರ: ಐಬು ಏನೂ ಇಲ್ಲ ತಮ್ಮ. ಒಂಚೂರು ಲೆಕ್ಕ ಹಾಕು. ನಿಮ್ಮೂರಲ್ಲಿ ಬಸ್ ಇಳಿದ್ರೆ ಸಿಗೋದೇ ಹತ್ತು ಜನ, ಆ ಹತ್ತೂ ಜನಕ್ಕೆ ನೀನು ಯಾರ ಮಗ, ನಿಮ್ಮನೆ ಎಮ್ಮೆ ಯಾವಾಗ ಈಯುತ್ತೆ ಎಲ್ಲ ಗೊತ್ತು. ಇಲ್ಲಿ ಸಿಲ್ಕ್ ಬೋರ್ಡ್‌ನಲ್ಲಿ ಒಂದು ಬಸ್ ಇಳಿದು ಇನ್ನೊಂದು ಹತ್ತೋದ್ರೊಳಗೆ ಎಷ್ಟು ಮುಖ ದಾಟಿ ಹೋಗುತ್ತೆ? ಅಷ್ಟೂ ಜನಕ್ಕೆ "ಆರಾಮಾ?" ಅಂತ ಕೇಳ್ತಾ ನಿಂತ್ರೆ ನಿನ್ನ ಮ್ಯಾನೇಜರ್ ನಿನಗೆ ಪರ್ಮನೆಂಟಾಗಿ ಆರಾಮ್ ಕೊಟ್ಟುಬಿಡ್ತಾನೆ. ಗಿಯಾರ್ಗ್ ಸಿಮ್ಮೆಲ್ ಅಂತ ಒಬ್ಬ ಸಮಾಜಶಾಸ್ತ್ರಜ್ಞ, ಬರ್ಲಿನ್‌ನಲ್ಲಿ ಹುಟ್ಟಿ ಬೆಳೆದೋನು, 1903ರಲ್ಲೇ ಇದನ್ನ ಹೇಳಿದ್ದ: ದೊಡ್ಡ ಪಟ್ಟಣದಲ್ಲಿ ಎದುರಾಗೋರಿಗೆಲ್ಲ ಸಣ್ಣ ಊರಲ್ಲಿ ಮಾಡೋ ಹಾಗೆ ಮನಸ್ಸು ಕೊಡ್ತಾ ಹೋದ್ರೆ ಮನುಷ್ಯ ಒಳಗೇ ಪುಡಿಪುಡಿ ಆಗ್ತಾನೆ, ಅದಕ್ಕೇ ಪಟ್ಟಣದೋರು ಒಂದು ಕವಚ ಹಾಕ್ಕೊಂಡಿರ್ತಾರೆ, ಹಳ್ಳಿಯೋರಿಗೆ ಅದು ಬಿಗುಮಾನ ಅಂತ ಕಾಣ್ಸುತ್ತೆ ಅಂತ. ನಿನ್ನ ಬಾಜೂ ಕೋಣೆಯೋನು ಹಾಕ್ಕೊಂಡಿರೋದೂ ಅದನ್ನೇ. ನೀನೂ ಹಾಕ್ಕೊಂಡಿದೀಯ, ನಿಂಗೆ ಗೊತ್ತಿಲ್ಲ ಅಷ್ಟೇ.

ಆದ್ರೆ ಕವಚ ಒಂದೇ ಕಾರಣ ಆಗಿದ್ರೆ ಹಳೇ ಬೆಂಗಳೂರಲ್ಲೂ ಯಾರೂ ಯಾರ ಹತ್ರಾನೂ ಮಾತಾಡ್ತಿರ್ಲಿಲ್ಲ. ಮಾತಾಡ್ತಿದ್ರು, ಯಾಕಂದ್ರೆ ನೆಪ ಇರ್ತಿತ್ತು. ಸೀಮೆಎಣ್ಣೆ ಬಂತಾ ಅಂತ ಕೇಳೋದು ನೆಪ, ಬೀದಿ ನಲ್ಲಿ ನೆಪ, ಹಿಟ್ಟಿನ ಗಿರಣಿ ಕ್ಯೂ ನೆಪ, ಎದುರು ಮನೆ ಫೋನಿಗೆ ನಮ್ಮ ಚಿಕ್ಕಪ್ಪನ ಕಾಲ್ ಬಂದ್ರೆ ಅವ್ರು ಗೇಟ್ ಹತ್ರ ಬಂದು ಕೂಗೋದೂ ನೆಪ. ಕೆಲಸ ಇದ್ದಿದ್ದು ಬೇರೆದು, ಮಾತು ಅದರ ಜೊತೆ ಕೊಸರು. ಈಗ ನಿನ್ನ ಪಿಜಿ ನೋಡು. ತಿಂಡಿ, ಊಟ, ವೈಫೈ, ವಾಷಿಂಗ್ ಮಷೀನ್ ಎಲ್ಲ ಬಾಡಿಗೇಲೇ ಸೇರಿದೆ. ಒಂದು ಸೂಜಿ ದಾರ ಬೇಕಂದ್ರೂ ಫೋನ್ ಒತ್ತಿದ್ರೆ ಬರುತ್ತೆ. ಪಕ್ಕದ ಬಾಗಿಲು ಬಡಿಯೋಕೆ ನಿನಗೆ ಒಂದೇ ಒಂದು ಕಾರಣ ಉಳಿಸಿಲ್ಲ ಅವ್ರು. ಸುಮ್ಮನೆ ಬಡಿದ್ರೆ ಅವನು ಗಾಬರಿ ಆಗ್ತಾನೆ, ಅದೂ ಸರಿನೇ ಬಿಡು.

ನಾನು ಬೆಳಗ್ಗೆ ವಾಕಿಂಗ್ ಮುಗಿಸಿ ಹೋಗೋ ಒಂದು ದರ್ಶಿನಿ ಇದೆ. ಈ ದರ್ಶಿನಿ ಅನ್ನೋದು 1983ರಲ್ಲಿ ಜಯನಗರದ ಕೆಫೆ ದರ್ಶಿನಿಯಿಂದ ಶುರುವಾಗಿದ್ದು, ಕುರ್ಚಿ ಇಲ್ಲ, ಸಪ್ಲೈಯರ್ ಇಲ್ಲ, ಟೋಕನ್ ತಗೋ, ನಿಂತ್ಕೊಂಡು ತಿನ್ನು, ಹೋಗ್ತಾ ಇರು. ಬೇಗ ಬೇಗ ಜನ ಖಾಲಿ ಆಗ್ಲಿ, ರೇಟ್ ಕಮ್ಮಿ ಇರ್ಲಿ ಅಂತ ಮಾಡಿದ್ದು ಅದು. ಮಾತಾಡ್ಕೊಂಡು ಕೂತಿರ್ಲಿ ಅಂತ ಅಲ್ವೇ ಅಲ್ಲ. ಆದ್ರೆ ಆರೂಮುಕ್ಕಾಲಿಗೆ ಆ ಎಡಗಡೆ ಕಂಬದ ಪಕ್ಕದ ಸ್ಟೀಲ್ ಟೇಬಲ್‌ಗೆ ಬರೋ ನಾಲ್ಕು ಜನ ಇದಾರೆ, ವರ್ಷಗಳಿಂದ ನೋಡ್ತಾ ಇದೀನಿ, ಒಬ್ಬರಿಗೊಬ್ಬರ ಹೆಸರು ಗೊತ್ತಿಲ್ಲ ಅಂತ ನಾನು ಬೆಟ್ ಕಟ್ತೀನಿ. ಒಬ್ಬರು "ಶುಗರ್‌ಲೆಸ್", ಇನ್ನೊಬ್ಬರು "ಖಾಲಿ ದೋಸೆ", ಮಂಕಿ ಕ್ಯಾಪ್ ಹಾಕೋರು "ಬ್ಯಾಂಕು". ಹೋದ ಚಳಿಗಾಲದಲ್ಲಿ ಬ್ಯಾಂಕು ನಾಲ್ಕು ದಿನ ಬರ್ಲಿಲ್ಲ, ಐದನೇ ದಿನ ಕಾಫಿ ಹಾಕೋ ಹುಡುಗ ಡಿಕಾಕ್ಷನ್ ಸುರೀತಾ ಸುರೀತಾ ನಿಲ್ಲಿಸಿ "ಕ್ಯಾಪ್ ಸರ್ ಎಲ್ಲಿ?" ಅಂದ. ಮೂರೂ ಜನ ಒಬ್ಬರ ಮುಖ ಒಬ್ಬರು ನೋಡ್ಕೊಂಡ್ರು, ಆಮೇಲೆ ಶುಗರ್‌ಲೆಸ್ ಅವರು ಲೋಟ ಇಟ್ಟು "ನಾಲ್ಕನೇ ಕ್ರಾಸ್ ಅಂದ್ಕೊಂಡಿದೀನಿ, ನೋಡ್ಕೊಂಡು ಬರ್ತೀನಿ" ಅಂತ ಹೊರಟೇಬಿಟ್ರು. (ಕಣ್ಣಿನ ಆಪರೇಶನ್ ಆಗಿತ್ತಂತೆ, ಈಗ ಬರ್ತಾರೆ, ಕಪ್ಪು ಕನ್ನಡಕ.)

ಗಾಂಧಿ ಬಜಾರಿನ ವಿದ್ಯಾರ್ಥಿ ಭವನ 1943ರಿಂದ ನಡೀತಿದೆ, ಭಾನುವಾರ ಹೋದ್ರೆ ನಿನ್ನ ಟೇಬಲ್‌ಗೆ ಗೊತ್ತಿಲ್ಲದೋರ್ನ ತಂದು ಕೂರಿಸ್ತಾರೆ, ಯಾರೂ ಬೇಜಾರು ಮಾಡ್ಕೊಳ್ಳಲ್ಲ. ಚಟ್ನಿ ಕಡೆ ಕೈ ತೋರಿಸಿ "ಸ್ವಲ್ಪ ಈ ಕಡೆ" ಅನ್ನೋದೇ ಮೊದಲ ಮಾತು.

ಹಾಗಾಗಿ ನೀನು ಫ್ರೆಂಡ್ಸ್ ಮಾಡ್ಕೊಳ್ಳೋಕೆ ಅಂತ ಹೋಗ್ಬೇಡ, ಅದು ಇಂಟರ್‌ವ್ಯೂ ತರ ಆಗುತ್ತೆ. ಒಂದು ತಿಂಗಳು ಒಂದೇ ಹೋಟ್ಲು, ಒಂದೇ ಟೈಮು, ಒಂದೇ ಜಾಗ. ಇನ್ನೊಂದು, ಈ ಸಲ ಊರಿಂದ ಬರ್ತಾ ಕಟಕ್ ರೊಟ್ಟಿ ಶೇಂಗಾ ಚಟ್ನಿ ತಂದೇ ತರ್ತೀಯಲ್ಲ, ಬಾಜೂ ಕೋಣೆ ಬಾಗಿಲು ಬಡಿದು "ಜಾಸ್ತಿ ಆಗೇತಿ, ಕೆಡ್ತೈತಿ" ಅನ್ನು. ಶೇಂಗಾ ಚಟ್ನಿ ಕೆಡಲ್ಲ ಅಂತ ಅವನಿಗೇನು ಗೊತ್ತು.

ಪ್ರಶ್ನೆ: ಮೇಡಂ, ಮಗ ಸೊಸೆ ಇಬ್ರೂ ಕೆಲಸಕ್ಕೆ ಹೋಗ್ತಾರೆ. ಕೊತ್ತಂಬರಿ ಸೊಪ್ಪು ಬೇಕಂದ್ರೂ ಆ್ಯಪ್, ಹತ್ತು ನಿಮಿಷಕ್ಕೆ ಬೆಲ್ಲು. ಮುಂಚೆ ತರಕಾರಿಯೋನು ಕರಿಬೇವು ಸುಮ್ನೆ ಹಾಕ್ತಿದ್ದ, ಈಗ ಅದಕ್ಕೂ ದುಡ್ಡು, ಅದಕ್ಕೊಂದು ಪ್ಲಾಸ್ಟಿಕ್ ಕವರು. ಹೇಳಿದ್ರೆ "ಅಮ್ಮ, ಟೈಮ್ ಉಳಿಯುತ್ತೆ" ಅಂತಾರೆ. ಆ ಉಳಿದ ಟೈಮ್ ಮನೇಲಿ ಎಲ್ಲಿಟ್ಟಿದಾರೆ ಅಂತ ನಾನು ಹುಡುಕ್ತಾನೇ ಇದೀನಿ. (ಗೃಹಿಣಿ, ವಿಜಯನಗರ)

ಉತ್ತರ: ನಿಮ್ಮ ಕೊನೇ ಸಾಲು ಓದಿ ಜೋರಾಗಿ ನಕ್ಕೆ, ಅದನ್ನ ಫ್ರಿಜ್ ಮೇಲೆ ಬರೆದು ಅಂಟಿಸಬೇಕು.

ಮೊದಲು ಸೊಸೆ ಪರ ಒಂದು ಮಾತು, ಬೈಬೇಡಿ. ಸಂತೆ, ಸೊಪ್ಪು, ದಿನಸಿ ಎಲ್ಲ ಹೆಂಗಸರ ತಲೆ ಮೇಲೇ ಇದ್ದಿದ್ದು ನಮ್ಮ ಕಾಲದಲ್ಲೂ. ಸಂಜೆ ಏಳೂವರೆಗೆ ಕ್ಯಾಬ್ ಇಳಿದು ಬರೋ ಹುಡುಗಿ ಮತ್ತೆ ಚೀಲ ಹಿಡ್ಕೊಂಡು ಮಾರ್ಕೆಟ್‌ಗೆ ಹೋಗ್ಲಿ ಅನ್ನೋಕೆ ನನಗೆ ಮನಸ್ಸು ಬರಲ್ಲ. ಮಗ ಹೋಗ್ಬಹುದಿತ್ತಲ್ಲ ಅಂತೀರಾ, ಹೌದು, ಅದನ್ನ ನೀವು ಅವನನ್ನೇ ಕೇಳ್ಬೇಕು.

ಇನ್ನು ಆ ಹತ್ತು ನಿಮಿಷದ ಗುಟ್ಟು. ಅದು ದೂರದಿಂದ ಬರಲ್ಲ, ನಿಮ್ಮ ಏರಿಯಾದಲ್ಲೇ ಯಾವುದೋ ಬೇಸ್‌ಮೆಂಟಲ್ಲೋ ಶಟರ್ ಹಾಕಿರೋ ಮಳಿಗೇಲೋ ಗಿರಾಕಿ ಒಳಗೆ ಬರದ ಒಂದು ಅಂಗಡಿ ಇರುತ್ತೆ, ಡಾರ್ಕ್ ಸ್ಟೋರ್ ಅಂತಾರೆ. ಒಳಗೆ ಹುಡುಗರು ರ್‍ಯಾಕ್ ರ್‍ಯಾಕ್ ಓಡಾಡಿ ತುಂಬ್ತಾರೆ, ಹೊರಗೆ ಹುಡುಗರು ಗಾಡಿ ಸ್ಟಾರ್ಟ್ ಮಾಡ್ಕೊಂಡು ಕಾಯ್ತಿರ್ತಾರೆ. ಕೊತ್ತಂಬರಿ ಕಟ್ಟು ಒಂದನ್ನ ತಲುಪಿಸಿದ್ರೆ ಅವರಿಗೆ ಏನೂ ಗಿಟ್ಟಲ್ಲ, ಅದಕ್ಕೆ ಡೆಲಿವರಿ ಚಾರ್ಜು, ಹ್ಯಾಂಡ್ಲಿಂಗ್ ಚಾರ್ಜು, ಸಾಮಾನು ಕಮ್ಮಿ ಆಯ್ತು ಅಂತ ಇನ್ನೊಂದು ಚಾರ್ಜು. ಇಷ್ಟು ರೂಪಾಯಿಗೆ ತಗೊಂಡ್ರೆ ಚಾರ್ಜ್ ಇಲ್ಲ ಅಂತಾನೂ ತೋರಿಸುತ್ತೆ, ಆಗ ನೋಡಿ ಮಜಾ. ನಾನೇ ಒಂದು ಸಲ ಚಾರ್ಜ್ ಉಳಿಸೋಕೆ ಅಂತ ಕೊತ್ತಂಬರಿ ಜೊತೆ ಎರಡು ಬಿಸ್ಕೆಟ್ ಪ್ಯಾಕು, ಒಂದು ಹ್ಯಾಂಡ್‌ವಾಷು, ಯಾರೂ ತಿನ್ನದ ಒಂದು ಮಖಾನ ಡಬ್ಬಿ ತರಿಸಿದೀನಿ. ಡಬ್ಬಿ ಇನ್ನೂ ಹಾಗೇ ಇದೆ. ಅಂಗಡಿಗೆ ಚೀಟಿ ಬರ್ಕೊಂಡು ಹೋಗ್ತಿದ್ದಾಗ ಚೀಟಿಲಿ ಇಲ್ಲದ್ದನ್ನ ತರ್ತಿರ್ಲಿಲ್ಲ, ಈಗ ಫೋನೇ ಚೀಟಿ ಬರೆಯುತ್ತೆ.

ನಮ್ಮ ಬೀದಿ ಕೊನೇಲಿ ಒಂದು ದಿನಸಿ ಅಂಗಡಿ. ಹಿಂದೆ ಅಲ್ಲಿ ಉದ್ರಿ ಪುಸ್ತಕ ಇತ್ತು, ಉದ್ದಕ್ಕೆ ಮಡಚಿದ್ದು, ದಾರದಲ್ಲಿ ಪೆನ್ಸಿಲ್ ನೇತಾಡ್ತಿತ್ತು. ಉದ್ರಿ ಅಂದ್ರೆ ಬರೀ ಸಾಲ ಅಂದ್ಕೋಬೇಡಿ, ಯಾರ ಮನೇಲಿ ಸಂಬಳ ತಡ ಆಯ್ತು, ಯಾರ ಮನೆಗೆ ನೆಂಟ್ರು ಬಂದಿದಾರೆ (ಸಕ್ಕರೆ ಎರಡು ಕೆಜಿ ಹೋದ್ರೆ ನೆಂಟ್ರೇ), ಯಾರಿಗೆ ಮಗು ಆಯ್ತು, ಎಲ್ಲ ಆ ಪುಸ್ತಕದಲ್ಲಿ ಇರ್ತಿತ್ತು. ಒಳ್ಳೇದೂ ಹೌದು, ಕೆಟ್ಟದ್ದೂ ಹೌದು, ನಮ್ಮ ಪಕ್ಕದ ಮನೆಯಾಕೆ ಗಂಡನ ಸಿಗರೇಟ್ ಲೆಕ್ಕ ಅಲ್ಲೇ ಹಿಡಿದಿದ್ದು. ಆಮೇಲೆ ಯುಪಿಐ ಬಂತು, ಸ್ಕ್ಯಾನ್ ಮಾಡು, ಡಬ್ಬ ಮಾತಾಡುತ್ತೆ, ಹೊರಡು. ಅಂಗಡಿಯೋನು ತಲೆ ಎತ್ತೋ ಅಗತ್ಯಾನೇ ಇಲ್ಲ.

2025ರ ಜುಲೈ ನೆನಪಿದೆಯಾ? ವಾಣಿಜ್ಯ ತೆರಿಗೆ ಇಲಾಖೆಯೋರು ಯುಪಿಐಲಿ ಬಂದ ದುಡ್ಡಿನ ಲೆಕ್ಕ ಹಿಡ್ಕೊಂಡು ಸಣ್ಣ ಸಣ್ಣ ವ್ಯಾಪಾರಿಗಳಿಗೆಲ್ಲ ಜಿಎಸ್‌ಟಿ ನೋಟಿಸ್ ಕಳಿಸಿದ್ರು. ವರ್ಷಕ್ಕೆ ಸಾಮಾನು ಮಾರೋರು 40 ಲಕ್ಷ, ಸರ್ವೀಸ್ ಕೊಡೋರು 20 ಲಕ್ಷ ದಾಟಿದ್ರೆ ರಿಜಿಸ್ಟರ್ ಆಗ್ಬೇಕು ಅನ್ನೋದು ರೂಲು. ಊರೆಲ್ಲ ರಾತ್ರೋರಾತ್ರಿ ಸ್ಕ್ಯಾನರ್ ಕಿತ್ತು "ನೋ ಯುಪಿಐ, ಓನ್ಲಿ ಕ್ಯಾಶ್" ಅಂತ ರಟ್ಟಿನ ಮೇಲೆ ಬರೆದು ನೇತು ಹಾಕಿದ್ರು. ಆ ವಾರ ನಾನು ಅರ್ಧ ಲೀಟರ್ ಹಾಲಿಗೆ ಹೋಗಿ ಪರ್ಸ್ ತಡಕಾಡ್ತಾ ನಿಂತೆ, ನೋಟೇ ಇಲ್ಲ. ಅಂಗಡಿಯೋನು "ಆಮೇಲೆ ಕೊಡಿ ಅಮ್ಮ" ಅಂದು ಒಂದು ಬಿಸ್ಕೆಟ್ ಡಬ್ಬದ ರಟ್ಟು ಹರಿದು ನನ್ನ ಹೆಸರು ಬರೆಯಕ್ಕೆ ಹೋದ, ಪೆನ್ ಹಿಡಿದು ಹಾಗೇ ನಿಂತ. ಎಂಟು ವರ್ಷದಿಂದ ದಿನಾ ನೋಡ್ತಿದಾನೆ, ಹೆಸರು ಗೊತ್ತಿಲ್ಲ! ನಂಗೂ ಅವನದ್ದು ಗೊತ್ತಿರ್ಲಿಲ್ಲ, ಸ್ಕ್ಯಾನ್ ಮಾಡಿದಾಗ ಬರ್ತಿದ್ದಿದ್ದು ಅವನ ಭಾವನ ಹೆಸರಂತೆ. ನೋಟಿಸ್ ಬಂದಿದ್ದು ಒಳ್ಳೇದಾಯ್ತು ಅಂತ ಹೇಳ್ತಿಲ್ಲ, ಪಾಪ ಎಷ್ಟೋ ಜನ ನಿದ್ದೆ ಬಿಟ್ರು. ಆದ್ರೆ ಆ ಹದಿನೈದು ದಿನ ಬೀದಿಲಿ ಮಾತು ಜಾಸ್ತಿ ಇತ್ತು, ಚಿಲ್ಲರೆ ಇಲ್ಲ ಅನ್ನೋ ನೆಪದಲ್ಲಿ.

ನೀವು ಒಂದು ಕೆಲಸ ಮಾಡಿ, ಸೊಪ್ಪು ತರಕಾರಿ ಡಿಪಾರ್ಟ್‌ಮೆಂಟ್ ನನ್ನದು ಅಂತ ಮನೇಲಿ ಅನೌನ್ಸ್ ಮಾಡಿಬಿಡಿ. ಉಳಿದಿದ್ದು ಬೇಕಾದ್ರೆ ಅವ್ರು ತರಿಸ್ಕೊಳ್ಲಿ. ಹತ್ರದಲ್ಲಿ ಹಾಪ್‌ಕಾಮ್ಸ್ ಮಳಿಗೆ ಇದ್ರೆ ನೋಡಿ, ಇಲ್ಲಾಂದ್ರೆ ತಳ್ಳುಗಾಡಿಯೋನು. ಕರಿಬೇವು ಇವತ್ತಿಗೂ ಸುಮ್ನೆ ಹಾಕ್ತಾನೆ, ಕೇಳ್ಬೇಕು ಅಷ್ಟೇ.

ಪ್ರಶ್ನೆ: ಅಕ್ಕ, ನಾ ರಾಯಚೂರು ಜಿಲ್ಲಾದಂವ. ಡಿಗ್ರಿ ಮುಗಿಸಿ ಬಂದು ಡೆಲಿವರಿ ಮಾಡಾಕತ್ತೀನಿ. ದಿನಕ್ಕ ಇಪ್ಪತ್ತೈದು ಮೂವತ್ತು ಮನಿ ಬಾಗಲಕ್ಕ ಹೋಗ್ತೀನಿ, ಒಬ್ರೂ ಮುಖ ನೋಡಂಗಿಲ್ಲ. ಒಂದು ಅಪಾರ್ಟ್‌ಮೆಂಟಿನ್ಯಾಗ ನಮಗ ಬ್ಯಾರೆ ಲಿಫ್ಟ್, ಕಸದ ಡಬ್ಬಿ ಒಯ್ಯೂದು. ರೇಟಿಂಗ್ ಇಳದ್ರ ಐಡಿ ಬಂದ್. ಕಂಪನಿಯವ್ರು ನೌಕರ ಅನ್ನಂಗಿಲ್ಲ, ಪಾರ್ಟ್ನರ್ ಅಂತಾರ. ಇದು ಕೆಲಸಾನ ಹೌದಲ್ಲೋ?

ಉತ್ತರ: ಹೌದಪ್ಪ, ಕೆಲಸಾನೇ. ಪಾರ್ಟ್ನರ್ ಅಂದ್ರೆ ಲಾಭದಲ್ಲಿ ಪಾಲು ಇರ್ಬೇಕು, ನಿನಗೆ ಇರೋದು ಪೆಟ್ರೋಲ್ ಖರ್ಚಲ್ಲಿ ಪಾಲು.

ಮೊದಲು ಉಪಯೋಗಕ್ಕೆ ಬರೋದು ಹೇಳ್ತೀನಿ. 2025ರಲ್ಲಿ ನಮ್ಮ ರಾಜ್ಯದಲ್ಲಿ ಗಿಗ್ ಕಾರ್ಮಿಕರಿಗೆ, ಅಂದ್ರೆ ನಿನ್ನ ಹಾಗೆ ಆ್ಯಪ್ ಮೂಲಕ ಕೆಲಸ ಮಾಡೋರಿಗೆ ಅಂತಾನೇ ಒಂದು ಕಾಯ್ದೆ ಬಂತು, ಮೇ ತಿಂಗಳಲ್ಲಿ ಸುಗ್ರೀವಾಜ್ಞೆ, ಆಮೇಲೆ ಅಧಿವೇಶನದಲ್ಲಿ ಪಾಸ್ ಆಯ್ತು. ರಾಜಸ್ಥಾನದಲ್ಲಿ 2023ರಲ್ಲೇ ಇಂಥದ್ದೊಂದು ಮಾಡಿದ್ರು. ಇದ್ರ ಪ್ರಕಾರ ಕಂಪನಿ ನಿನಗೆ ಕೊಡೋ ಪ್ರತಿ ಪೇಮೆಂಟಿನ ಮೇಲೆ 1ರಿಂದ 5 ಪರ್ಸೆಂಟ್ ಕಲ್ಯಾಣ ನಿಧಿಗೆ ಕಟ್ಬೇಕು, ನಿನ್ನ ದುಡ್ಡಲ್ಲಿ ಹಿಡಿಯಂಗಿಲ್ಲ, ಅವರ ಕೈಯಿಂದ. ನಿನ್ನ ಹೆಸರು ಕಲ್ಯಾಣ ಮಂಡಳೀಲಿ ನೋಂದಣಿ ಆಗ್ಬೇಕು, ಒಂದು ಗುರುತಿನ ನಂಬರ್ ಸಿಗ್ಬೇಕು. ಇನ್ನು ಐಡಿ ಬಂದ್ ವಿಷಯ: ಕಾರಣ ಬರೆದು ಕೊಡದೆ, 14 ದಿನ ಮುಂಚೆ ನೋಟಿಸ್ ಕೊಡದೆ ತೆಗೆದು ಹಾಕೋ ಹಾಗಿಲ್ಲ ಅಂತ ಅದ್ರಲ್ಲಿ ಇದೆ. ಪೇಪರಲ್ಲಿ ಇರೋದು ರೋಡಲ್ಲಿ ಆಗ್ಬೇಕಂದ್ರೆ ಕೇಳ್ತಾ ಇರ್ಬೇಕು, ನೀನೊಬ್ಬನೇ ಕೇಳಿದ್ರೆ ಆಗಲ್ಲ, ನಿಮ್ಮ ಯೂನಿಯನ್‌ನೋರ ಹತ್ರ ಹೋಗು. ಬ್ಲಾಕ್ ಆದ ಸ್ಕ್ರೀನ್‌ಶಾಟು, ಪೇಮೆಂಟ್ ಸ್ಕ್ರೀನ್‌ಶಾಟು ಎಲ್ಲ ತೆಗೆದಿಟ್ಕೋ.

ಮುಖ ನೋಡಲ್ಲ ಅಂದ್ಯಲ್ಲ, ಅದಕ್ಕೆ ನಂಗೆ 2016ರ ಏಪ್ರಿಲ್ ನೆನಪಾಗುತ್ತೆ. ಗಾರ್ಮೆಂಟ್ಸ್ ಹೆಣ್ಮಕ್ಕಳು, ಬೆಳಗ್ಗೆ ವ್ಯಾನಲ್ಲಿ ಗುಂಪಾಗಿ ಹೋಗಿ ಸಂಜೆ ಗುಂಪಾಗಿ ಬರೋರು, ನಾವ್ಯಾರೂ ಒಂದು ದಿನ ತಿರುಗಿ ನೋಡಿದೋರಲ್ಲ. ಪಿಎಫ್ ದುಡ್ಡು 58 ವರ್ಷ ಆಗೋವರೆಗೂ ಪೂರ್ತಿ ತೆಗೆಯಂಗಿಲ್ಲ ಅಂತ ಕೇಂದ್ರದೋರು ರೂಲ್ ತಂದ್ರು. ಫ್ಯಾಕ್ಟ್ರಿ ಕೆಲಸ ಬಿಟ್ಟಾಗ ಅವರಿಗೆ ಮಗಳ ಮದುವೆಗೋ ಊರ ಸಾಲಕ್ಕೋ ಸಿಗ್ತಿದ್ದ ಒಂದೇ ಗಂಟು ಅದು. ಯಾವ ದೊಡ್ಡ ಲೀಡರೂ ಇಲ್ಲದೆ ಸಾವಿರಗಟ್ಟಲೆ ಹೆಂಗಸರು ಹೊಸೂರು ರೋಡಲ್ಲಿ, ತುಮಕೂರು ರೋಡಲ್ಲಿ ಕೂತುಬಿಟ್ರು. ಎರಡನೇ ದಿನಕ್ಕೇ ರೂಲ್ ವಾಪಸ್. ಕಲ್ಲು, ಲಾಠಿ ಎಲ್ಲ ಆಯ್ತು, ಅದನ್ನ ಚೆಂದ ಮಾಡಿ ಹೇಳೋದು ಬೇಡ. ಆದ್ರೆ ಆ ಎರಡು ದಿನ ಇಡೀ ಊರು ಅವರ ಮುಖ ನೋಡ್ತು.

ಲಿಫ್ಟ್ ವಿಷಯ ನಮ್ಮ ಅಪಾರ್ಟ್‌ಮೆಂಟಲ್ಲೂ ಮೀಟಿಂಗಿಗೆ ಬಂದಿತ್ತು, ಒಂದು ಗಂಟೆ ವಾದ ಆಗಿ "ಮುಂದಿನ ಮೀಟಿಂಗಲ್ಲಿ ನೋಡೋಣ" ಅಂತ ಮುಗೀತು, ಮುಂದಿನ ಮೀಟಿಂಗು ಕಾರ್ ಪಾರ್ಕಿಂಗ್‌ಗೆ ಹೋಯ್ತು. ಅಷ್ಟರಲ್ಲಿ ಮೂರನೇ ಮಹಡಿಯ ಅಜ್ಜಿ ಯಾರನ್ನೂ ಕೇಳದೆ ಗೇಟ್ ಹತ್ರ ಒಂದು ಮಣ್ಣಿನ ಹೂಜಿ, ಎರಡು ಸ್ಟೀಲ್ ಲೋಟ ಇಡಿಸಿದ್ರು, ಹಳೇ ಕಾಲದ ಅರವಟ್ಟಿಗೆ ಇದ್ದ ಹಾಗೆ. ಈಗ ಅಲ್ಲಿ ಡೆಲಿವರಿ ಹುಡುಗರು ಎರಡು ನಿಮಿಷ ನಿಲ್ತಾರೆ. ನಮ್ಮ ಸೆಕ್ಯುರಿಟಿಯೋನು ನಿಮ್ಮ ರಾಯಚೂರು ಜಿಲ್ಲೆಯ ಮಾನ್ವಿ ಕಡೆಯೋನು, ಅದು ನಮಗೆ ಗೊತ್ತಾಗಿದ್ದೇ ಒಬ್ಬ ರೈಡರ್ ಜೊತೆ ಅವನು "ಯಾ ಊರಪಾ ನಿಂದು?" ಅಂತ ಶುರು ಮಾಡಿದಾಗ.

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟ್ ವಾಟ್ಸಾಪ್ ಗ್ರೂಪಲ್ಲಿ ಕನ್ನಡದಲ್ಲಿ ಬರೆದ್ರೆ "ಪ್ಲೀಸ್ ಟ್ರಾನ್ಸ್‌ಲೇಟ್" ಅಂತಾರೆ. ಬಿಟ್ಟುಬಿಡ್ಲಾ? (ಸರ್ಜಾಪುರ ರಸ್ತೆ)

ಉತ್ತರ: ಬಿಡ್ಬೇಡಿ, ಜಗಳಾನೂ ಆಡ್ಬೇಡಿ. ನೀರಿನ ಟ್ಯಾಂಕರ್ ಎಷ್ಟೊತ್ತಿಗೆ ಬರುತ್ತೆ, ಲಿಫ್ಟ್ ಯಾವಾಗ ಬಂದ್, ಕೆಲಸದವರ ರಜ ಯಾವತ್ತು, ಈ ಮೂರನ್ನ ಮಾತ್ರ ಮೊದಲು ಕನ್ನಡದಲ್ಲಿ ಹಾಕಿ, ಕಾಲು ಗಂಟೆ ಬಿಟ್ಟು ಇಂಗ್ಲಿಷಲ್ಲಿ. ಎರಡು ತಿಂಗಳಲ್ಲಿ "ಟ್ಯಾಂಕರ್", "ನಾಳೆ", "ಬರಲ್ಲ" ಇಷ್ಟಂತೂ ಎಲ್ಲರಿಗೂ ಓದಕ್ಕೆ ಬರುತ್ತೆ. "ಬರಲ್ಲ" ಬೇಗ ಕಲೀತಾರೆ.

ಪ್ರಶ್ನೆ: ನಾನು ಕಾರ್ಖಾನೆಯಲ್ಲಿ 34 ವರ್ಷ ದುಡಿದು ನಿವೃತ್ತನಾದವನು. ಮಗ ಮನೆಯಲ್ಲೇ ಲ್ಯಾಪ್‌ಟಾಪ್ ಇಟ್ಟುಕೊಂಡು ಕೆಲಸ ಮಾಡುತ್ತಾನೆ. ರಾತ್ರಿ 11ಕ್ಕೆ ಮೀಟಿಂಗ್, ಊಟದ ತಟ್ಟೆ ಮುಂದೆಯೂ ಮೀಟಿಂಗ್. ನಮಗೆ ಸೈರನ್ ಆದರೆ ಕೆಲಸ ಮುಗಿಯಿತು. ಇವನ ಸೈರನ್ ಎಲ್ಲಿದೆ? ಹೇಳಿದರೆ "ನಿಮಗೆ ಅರ್ಥ ಆಗಲ್ಲ ಅಪ್ಪ" ಅನ್ನುತ್ತಾನೆ. (ಹಿರಿಯ ಓದುಗರು, ಜಾಲಹಳ್ಳಿ)

ಉತ್ತರ: ಸರ್, ನಾನೂ ಸೈರನ್ ಮಗಳೇ. ನಮ್ಮಪ್ಪ ಟೆಲಿಫೋನ್ ತಯಾರಿಸೋ ಐಟಿಐ ಕಾರ್ಖಾನೇಲಿ ಇದ್ರು, ದೂರವಾಣಿ ನಗರದ ಕ್ವಾರ್ಟರ್ಸಲ್ಲಿ ಬೆಳೆದೋಳು ನಾನು. 1940ರಲ್ಲಿ ಎಚ್‌ಎಎಲ್, 1948ರಲ್ಲಿ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಅಂತ ದೊಡ್ಡ ಕಾರ್ಖಾನೆಗಳು ಒಂದಾದ ಮೇಲೊಂದು ಬಂದು ಬೆಂಗಳೂರಿನ ಅರ್ಧ ಜನಕ್ಕೆ ಒಂದೇ ಗಡಿಯಾರ ಕಟ್ಟಿಬಿಟ್ವು ಅಂತ ನಂಗೆ ಯಾವಾಗ್ಲೂ ಅನ್ಸುತ್ತೆ. ಸಂಜೆ ಫ್ಯಾಕ್ಟ್ರಿ ಬಸ್ಸುಗಳು ಸಾಲಾಗಿ ಬರೋವು, ಅಮ್ಮಂದಿರು ಆ ಸದ್ದಿಗೇ ಕಾಫಿ ನೀರು ಇಡೋರು. ಟಿಫನ್ ಕ್ಯಾರಿಯರ್ ಕೆಳಗಿಟ್ಟು ಮುಖ ತೊಳ್ಕೊಂಡು ಆರೂವರೆಗೆ ಎಲ್ಲ ಗಂಡಸರೂ ಫ್ರೀ. ಎಲ್ರೂ ಒಂದೇ ಹೊತ್ತಿಗೆ ಫ್ರೀ, ಅದೇ ವಿಷಯ. ರಾಜ್ಯೋತ್ಸವದ ನಾಟಕಕ್ಕೆ ತಿಂಗಳುಗಟ್ಟಲೆ ಪ್ರಾಕ್ಟೀಸ್ ಮಾಡೋಕೆ ಆಗ್ತಿದ್ದಿದ್ದು ಅದಕ್ಕೇ. ನಮ್ಮಪ್ಪ ಏಳು ವರ್ಷ ದ್ವಾರಪಾಲಕನ ಪಾರ್ಟು ಮಾಡಿದ್ರು, ಪ್ರಮೋಷನ್ ಫ್ಯಾಕ್ಟ್ರೀಲಿ ಸಿಕ್ತು, ನಾಟಕದಲ್ಲಿ ಸಿಗ್ಲಿಲ್ಲ.

ಹಾಗಂತ ಎಲ್ಲ ಬಂಗಾರವಾಗಿತ್ತು ಅಂತ ಅಲ್ಲ. 1980ರ ಡಿಸೆಂಬರಲ್ಲಿ ಶುರುವಾದ ಪಬ್ಲಿಕ್ ಸೆಕ್ಟರ್ ಮುಷ್ಕರ 77 ದಿನ ನಡೀತು, ಸಂಬಳ ಇಲ್ಲದೆ ನಮ್ಮಮ್ಮ ಬೆಳಗ್ಗೆ ಉಪ್ಪಿಟ್ಟು ಮಧ್ಯಾಹ್ನ ಉಪ್ಪಿಟ್ಟು ಮಾಡಿದ್ದು ಇನ್ನೂ ನೆನಪಿದೆ, ಇವತ್ತಿಗೂ ನಾನು ಉಪ್ಪಿಟ್ಟು ಮುಟ್ಟಲ್ಲ. ಟೆಲಿಫೋನ್ ಜೋಡಿಸೋ ಲೈನಲ್ಲಿ ಹೆಂಗಸರೂ ತುಂಬ ಇದ್ರು, ಸೈರನ್ ಆದ್ರೆ ಅವರ ಒಂದು ಶಿಫ್ಟ್ ಮುಗಿದು ಮನೇಲಿ ಇನ್ನೊಂದು ಶಿಫ್ಟ್ ಶುರು. ಅವರಿಗೆ ನಾಟಕದ ಪ್ರಾಕ್ಟೀಸ್ ಎಲ್ಲಿಂದ ಬಂತು?

ನಿಮ್ಮ ಮಗನ ಸೈರನ್ ಇದೆ ಸರ್, ಅದು ಅಮೆರಿಕದಲ್ಲಿದೆ. ಇನ್ಫೋಸಿಸ್ 1983ರಲ್ಲಿ ಪುಣೆಯಿಂದ ಇಲ್ಲಿಗೆ ಬಂತು, 1985ರಲ್ಲಿ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಬಂತು, ಅಲ್ಲಿಂದಾಚೆಗೆ ಈ ಊರಿನ ಗಡಿಯಾರದಲ್ಲಿ ಎರಡು ಮುಳ್ಳು ಇಲ್ಲಿದು, ಒಂದು ಮುಳ್ಳು ಅಲ್ಲಿದು. ಚಳಿಗಾಲದಲ್ಲಿ ನ್ಯೂಯಾರ್ಕಲ್ಲಿ ಬೆಳಗ್ಗೆ ಹತ್ತೂವರೆ ಅಂದ್ರೆ ನಮಗೆ ರಾತ್ರಿ ಒಂಬತ್ತು. ಅವರು ಕಾಫಿ ಕುಡಿದು ಫ್ರೆಶ್ ಆಗಿ ಕೂತಾಗ ನಿಮ್ಮ ಮಗ ಆಕಳಿಸ್ತಾ ಕೂತಿರ್ತಾನೆ. ಮೇಲಿಂದ 2025ರ ಜೂನಲ್ಲಿ ಕೆಲಸದ ಅವಧಿ ಓವರ್‌ಟೈಮ್ ಸೇರಿ ದಿನಕ್ಕೆ 12 ಗಂಟೆವರೆಗೂ ಇರ್ಲಿ ಅನ್ನೋ ಪ್ರಸ್ತಾಪಾನೂ ಬಂತು, ಐಟಿ ನೌಕರರ ಯೂನಿಯನ್‌ನೋರು ಬೀದಿಗಿಳಿದು ವಿರೋಧ ಮಾಡಿದ್ರು. ಆ ಹುಡುಗರು ಯೂನಿಯನ್ ಅನ್ನೋ ಪದ ಬಾಯಲ್ಲಿ ಹೇಳ್ತಾರೆ ಅಂದ್ರೆ ನಮ್ಮಪ್ಪ ನಂಬ್ತಿರ್ಲಿಲ್ಲ.

ನಂಗೆ ಅನ್ಸೋದು, ಅವನಿಗೆ ಗಂಟೆ ಜಾಸ್ತಿ ಅನ್ನೋದಕ್ಕಿಂತ ಅವನ ಗಂಟೆ ಯಾರ ಗಂಟೆಗೂ ಹೊಂದಲ್ಲ ಅನ್ನೋದು ದೊಡ್ಡ ತೊಂದ್ರೆ. ಅವನು ಮಧ್ಯಾಹ್ನ ಮೂರಕ್ಕೆ ಫ್ರೀ, ಫ್ರೆಂಡು ಸಂಜೆ ಎಂಟಕ್ಕೆ, ಹೆಂಡತಿ ಭಾನುವಾರ. ನೀವೊಬ್ಬರೇ ಆ ಮನೇಲಿ ದಿನವಿಡೀ ಫ್ರೀ. ಅದಕ್ಕೆ "ನಮ್ಮ ಕಾಲದಲ್ಲಿ" ಅಂತ ಶುರು ಮಾಡ್ಬೇಡಿ ಸರ್, ಅವನು ತಕ್ಷಣ ಮ್ಯೂಟ್ ಮಾಡ್ತಾನೆ. ಮಧ್ಯಾಹ್ನ ಮೂರಕ್ಕೆ "ಮಿಕ್ಸಿ ರಿಪೇರಿಗೆ ಕೊಡ್ಬೇಕು, ಒಬ್ಬನಿಗೇ ಹಿಡ್ಕೊಂಡು ಹೋಗಕ್ಕಾಗಲ್ಲ, ಬಾ" ಅನ್ನಿ. ಮಿಕ್ಸಿ ಕೆಟ್ಟಿಲ್ಲದಿದ್ರೂ ಪರವಾಗಿಲ್ಲ.

ಪ್ರಶ್ನೆ: ನಾನು ಮೂರು ಮನೇಲಿ ಪಾತ್ರೆ ಬಟ್ಟೆ ಕೆಲಸ ಮಾಡ್ತೀನಿ, ಇದನ್ನ ನನ್ ಮಗಳು ಬರ್ಕೊಡ್ತಿದಾಳೆ. ಬಸ್ಸಲ್ಲಿ ಕೆಲವು ಗಂಡಸ್ರು "ಫ್ರೀ ಅಂತ ಊರೆಲ್ಲ ತಿರುಗ್ತಾರೆ" ಅಂತಾರೆ. ಏನಂತ ಹೇಳ್ಲಿ? (ಕೆಂಗೇರಿ)

ಉತ್ತರ: ಏನೂ ಹೇಳ್ಬೇಡಿ ಅಮ್ಮ, ಜೀರೋ ಟಿಕೆಟ್ ತಗೊಂಡು ಸೀಟಲ್ಲಿ ಕೂತ್ಕೊಳಿ, ಅದೇ ಉತ್ತರ. ಸರ್ಕಾರಿ ಬಸ್ಸಲ್ಲಿ ಹೆಂಗಸರಿಗೆ ಫ್ರೀ ಅನ್ನೋ ಶಕ್ತಿ ಯೋಜನೆ ಶುರುವಾಗಿದ್ದು 2023ರ ಜೂನ್ 11ಕ್ಕೆ. ಅದಕ್ಕೆ ಮುಂಚೆ ಎಷ್ಟೋ ಹೆಂಗಸರು ಬಸ್ ಚಾರ್ಜಿಗೆ ಹೆದರಿ ನಡೆದು ಹೋಗೋಷ್ಟು ದೂರದ ಮನೆಗಳಲ್ಲೇ ಕೆಲಸ ಹಿಡೀತಿದ್ರು, ಅವರು ಕೊಟ್ಟಷ್ಟು ಇಸ್ಕೋತಿದ್ರು. ಈಗ ಎರಡು ಸ್ಟಾಪ್ ಆಚೆ ಜಾಸ್ತಿ ಕೊಡ್ತಾರೆ ಅಂದ್ರೆ ಅಲ್ಲಿಗೆ ಹೋಗ್ತಾರೆ. ನಮ್ಮನೆಗೆ ಬರ್ತಿದ್ದಾಕೆ ಹಾಗೇ ಬಿಟ್ಟು ಹೋದ್ಲು, ನಂಗೆ ನಷ್ಟ, ಅವಳು ಮಾಡಿದ್ದು ಸರಿ.

ಹೋದ ತಿಂಗಳು ಬೆಳಗ್ಗೆ ಏಳರ ಬಸ್ಸಲ್ಲಿ ಹೋಗ್ತಿದ್ದೆ. ಹಿಂದಿನ ಬಾಗಿಲ ಹತ್ರ ಏಳೆಂಟು ಹೆಂಗಸರು ನಿಂತ್ಕೊಂಡೇ ಚೀಟಿ ಹಣ ಲೆಕ್ಕ ಮಾಡ್ತಿದ್ರು, ಒಬ್ಬಾಕೆ ಕಂಬಿಗೆ ಮೊಣಕೈ ಸಿಗಿಸ್ಕೊಂಡು ಐನೂರರ ನೋಟು ಎಣಿಸ್ತಾಳೆ, ಇನ್ನೊಬ್ಬಾಕೆ ಮಗುವಿನ ಸ್ಕೂಲ್ ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ಬರೀತಾಳೆ. ಬ್ರೇಕ್ ಹಾಕಿದಾಗ ಒಂದು ನೋಟು ಹಾರಿ ಕಂಡಕ್ಟರ್ ಕಾಲ ಹತ್ರ ಬಿತ್ತು, ಅವನು ಎತ್ತಿ "ಈ ತಿಂಗಳ ಚೀಟಿ ನಂಗಾ?" ಅಂದ. ಇಡೀ ಬಸ್ ನಕ್ತು. ಅದೇ ದಿನ ವಾಪಸ್ ಮೆಟ್ರೋಲಿ ಬಂದೆ, ತಣ್ಣಗೆ, ಕ್ಲೀನಾಗಿ, ಬೇಗ. ಒಂದು ಕೆಮ್ಮಿನ ಸದ್ದೂ ಇಲ್ಲ.

ಪ್ರಶ್ನೆ: ಹೊಸ ಕೆಫೆ ಒಂದರಲ್ಲಿ ಬೈಟು ಕಾಫಿ ಕೇಳಿದ್ದಕ್ಕೆ ಹುಡುಗರು ನಕ್ಕರು. ಕೇಳಿದ್ದು ತಪ್ಪಾ?

ಉತ್ತರ: ತಪ್ಪೇನಿಲ್ಲ, ಜಾಗ ತಪ್ಪು. ಅಲ್ಲಿ ಕಾಫಿ ರೇಟಲ್ಲಿ ಎಸಿ, ಸೋಫಾ, ವೈಫೈ, ಮೂರು ಗಂಟೆ ಕೂತ್ರೂ ಯಾರೂ ಎಬ್ಬಿಸಲ್ಲ ಅನ್ನೋದು ಎಲ್ಲ ಸೇರಿದೆ, ಅದನ್ನ ಅರ್ಧ ಮಾಡೋಕೆ ಅವರಿಗೆ ಬರಲ್ಲ. ದರ್ಶಿನಿಗೆ ಹೋಗಿ, ಅಲ್ಲಿ ಬೈಟು ಅಂದ್ರೆ ಒಂದೊಂದು ಲೋಟಕ್ಕೂ ಅರ್ಧಕ್ಕಿಂತ ಒಂದು ಗುಟುಕು ಜಾಸ್ತೀನೇ ಹಾಕ್ತಾರೆ. ಬೆಳಗ್ಗೆ ಎಂಟರೊಳಗೆ ಹೋಗಿ, ಆಮೇಲೆ ಡಿಕಾಕ್ಷನ್ ತೆಳ್ಳಗಾಗುತ್ತೆ.

ಮುಂದಿನ ಸಂಚಿಕೆಗೆ ಬಾಡಿಗೆ ಮನೆ, ಅಡ್ವಾನ್ಸು, ಓನರ್ ಹತ್ರ ಪೇಂಟಿಂಗ್ ದುಡ್ಡಿನ ಜಗಳ ಇದ್ರ ಬಗ್ಗೆ ಕೇಳಿ. ಟ್ರಾಫಿಕ್ ಬಗ್ಗೆ ದಯವಿಟ್ಟು ಬೇಡ.